ಎಳೆಯ ಕೈಗಳಲ್ಲಿ ಕಾಗದದ ಹೃದಯ

ಡೆನ್ಮಾರ್ಕಿನ ಮನೆಗಳಲ್ಲಿ ಕ್ರಿಸ್‌ಮಸ್ ವೃಕ್ಷಕ್ಕೆ ಕೆಂಪು-ಬಿಳಿ ಕಾಗದದಿಂದ ಹೆಣೆದ ಹೃದಯಗಳನ್ನು ತೂಗುಹಾಕುವುದು ವಾಡಿಕೆ. ಉಪಲಬ್ಧವಿರುವ ಅತಿ ಹಳೆಯ ಹೃದಯವನ್ನು 1860ರಲ್ಲಿ ಹೆಣೆದವರು ಮಕ್ಕಳ ಕಥೆಗಾರರಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್.

ಎರಡು ಬಣ್ಣದ ಕಾಗದಗಳನ್ನು ಮಡಿಸಿ, ತೆರೆದ ತುದಿಯನ್ನು ದುಂಡಾಗಿ ಕತ್ತರಿಸಿ, ಮಡಿಕೆಯ ಕಡೆಯಿಂದ ಅಗಲಕ್ಕಿಂತ ತುಸು ಉದ್ದನೆಯ ಸೀಳುಗಳನ್ನು ಕೊಡಬೇಕು. ಒಂದರ ಎಳೆಯನ್ನು ಇನ್ನೊಂದರ ಎಳೆಯ ಒಳಗೆ ಒಮ್ಮೆ, ಹೊರಗೆ ಸುತ್ತಿ ಒಮ್ಮೆ ಸಾಗಿಸಿದರೆ ಬುಟ್ಟಿಯಂತೆ ಬಾಯ್ತೆರೆಯುವ ಹೃದಯ ಸಿದ್ಧ. ಹಿಡಿಯೊಂದನ್ನು ಅಂಟಿಸಿದರೆ ಮಿಠಾಯಿಯನ್ನೂ ತುಂಬಬಹುದು.

ನಾಲ್ಕು ವರ್ಷದ ಮಗುವಿಗೆ ಒಂದೇ ಸೀಳು ಸಾಕು. ಕತ್ತರಿ ಹಿರಿಯರಲ್ಲಿರಲಿ, ಹೆಣಿಗೆ ಮಾತ್ರ ಮಗುವಿನದೇ ಆಗಿರಲಿ. ಬೇಸರಗೊಂಡ ತಾಯಿ ತಾನೇ ಮುಗಿಸಿಬಿಟ್ಟರೆ ಹೃದಯ ಅಂದವಾದೀತು. ಮಗುವಿನ ಬೆರಳುಗಳು ಏನನ್ನೂ ಕಲಿತಿರುವುದಿಲ್ಲ. ಶಿಶುವಿಹಾರದ ಜನಕ ಫ್ರೋಬೆಲರು ಕಾಗದದ ಹೆಣಿಗೆಯನ್ನು ಪಾಠವಾಗಿಸಿದ್ದು ಸುಮ್ಮನೆ ಅಲ್ಲವಷ್ಟೆ! ತೆಳು ಕಾಗದ ಬೇಗನೆ ಹರಿಯುವುದರಿಂದ ನುಣುಪಾದ ದಪ್ಪ ಕಾಗದವನ್ನೇ ಆರಿಸಿಕೊಳ್ಳಿರಿ.