ಹೊಗೆಯಿಂದ ಇಂಗಾಲಾಮ್ಲವನ್ನು ಹಿಡಿಯುವ ಬಗೆ

ನಮ್ಮ ಶಾಲೆಯ ಮಕ್ಕಳು ಸುಣ್ಣದ ತಿಳಿನೀರಿನೊಳಕ್ಕೆ ಕೊಳವೆಯಿಂದ ಉಸಿರನ್ನು ಊದಿ, ಅದು ಹಾಲಿನಂತಾಗುವುದನ್ನು ಕಂಡು ಬೆರಗಾಗುತ್ತಾರೆ. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್, ಅಂದರೆ ಇಂಗಾಲಾಮ್ಲ ವಾಯು, ಸುಣ್ಣದೊಡನೆ ಕೂಡಿ ಸುಣ್ಣಕಲ್ಲಿನ ನುಣ್ಣನೆಯ ಪುಡಿಯಾಗುವುದೇ ಇದಕ್ಕೆ ಕಾರಣ. ಈ ವರ್ಷ ಒಬ್ಬ ಬಾಲಕನು, "ಕಾರ್ಖಾನೆಯ ಹೊಗೆಯನ್ನೂ ಹೀಗೆಯೇ ತೊಳೆಯಬಾರದೇಕೆ?" ಎಂದು ಕೇಳಿದನು. ಪ್ರಶ್ನೆಯು ಯೋಗ್ಯವಾದುದು. ಅದರ ಉತ್ತರವನ್ನು ಪೋಷಕರೂ ಅರಿಯಲೆಂದು ಇಲ್ಲಿ ವಿವರಿಸುತ್ತೇವೆ.

1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಈ ವಾಯುವಿನ ಅಳತೆ ಆರಂಭವಾದಾಗ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 315 ಭಾಗವಿತ್ತು. ಈಗ 420ನ್ನು ಮೀರಿದೆ. ಶಾಖವನ್ನು ತಡೆದಿಡುವ ಈ ವಾಯು ಹೆಚ್ಚಿದಂತೆ ಭೂಮಿಯೂ ಬಿಸಿಯಾಗುತ್ತದೆ. ಮಳೆಯನ್ನು ನಂಬಿ ಬಿತ್ತುವವರಿಗೆ ಇದು ದೂರದ ಮಾತಲ್ಲ.

ಹಾಗಾದರೆ ಸುಣ್ಣವೇ ಸಾಲದೇ? ಸಾಲದು. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟು, ಇದೇ ವಾಯುವನ್ನು ಹೊರಗಟ್ಟಿಯೇ ಸುಣ್ಣವನ್ನು ಮಾಡುತ್ತಾರೆ. ಹೊರಗಟ್ಟಿದುದನ್ನೇ ಮತ್ತೆ ಹಿಡಿದರೆ ಲಾಭವೇನು? ವಾಯುವನ್ನು ಹಿಡಿಯಬೇಕು, ಕೇಳಿದಾಗ ಬಿಟ್ಟುಕೊಡಲೂ ಬೇಕು. ಅಂತಹ ದ್ರಾವಕವೇ ನಮಗೆ ಅಗತ್ಯ.

ಅಮೋನಿಯದ ಬಳಗಕ್ಕೆ ಸೇರಿದ ಅಮೀನುಗಳಲ್ಲಿ ಈ ಗುಣವಿದೆ. ಅಮೆರಿಕದ ಬಾಟಮ್ಸ್ ಎಂಬವರಿಗೆ 1930ರಲ್ಲಿಯೇ ಈ ವಿಧಾನಕ್ಕೆ ಪೇಟೆಂಟು ದೊರೆಯಿತು. ಎತ್ತರದ ಗೋಪುರವೊಂದರಲ್ಲಿ ತಣಿಸಿದ ಹೊಗೆಯು ಕೆಳಗಿನಿಂದ ಏರುತ್ತದೆ. ಅಮೀನು ಬೆರೆತ ನೀರು ಮೇಲಿನಿಂದ ಇಳಿಯುತ್ತದೆ. ಸುಮಾರು 40 ಡಿಗ್ರಿಯಲ್ಲಿ ಅಮೀನು ಇಂಗಾಲಾಮ್ಲವನ್ನು ಹಿಡಿಯುತ್ತದೆ. ಬಳಿಕ ಆ ದ್ರವವನ್ನು ಎರಡನೆಯ ಗೋಪುರದಲ್ಲಿ ಸುಮಾರು 120 ಡಿಗ್ರಿಗೆ ಕಾಯಿಸಿದರೆ ವಾಯು ಬಿಡುಗಡೆಯಾಗುತ್ತದೆ. ದ್ರವವು ತಣಿದು ಮೊದಲ ಗೋಪುರಕ್ಕೆ ಮರಳುತ್ತದೆ.

ನಾವಿರುವ ತಮಿಳುನಾಡಿನಲ್ಲಿಯೇ, ತೂತ್ತುಕುಡಿಯ ಸೋಡಾ ಕಾರ್ಖಾನೆಯೊಂದರಲ್ಲಿ 2016ರಲ್ಲಿ ಇಂತಹ ಸ್ಥಾವರ ಆರಂಭವಾಯಿತು. ಕಲ್ಲಿದ್ದಲ ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ನು ಇಂಗಾಲಾಮ್ಲವನ್ನು ಹಿಡಿದು, ಅದರಿಂದ ಸೋಡಾ ತಯಾರಿಸುವುದು ಅದರ ಉದ್ದೇಶ. ಇದಕ್ಕೆ ಬಳಸಿದ ದ್ರಾವಕವನ್ನು ರೂಪಿಸಿದ ಸಂಸ್ಥೆಯನ್ನು ಕಟ್ಟಿದವರು ಖರಗ್‌ಪುರದ ಐಐಟಿಯಲ್ಲಿ ಓದಿದ ತರುಣರು.

ಆದರೆ ಬಾಲಕರು ಒಂದನ್ನು ಮರೆಯಬಾರದು. ಇಲ್ಲಿ ಹಿಡಿಯುವುದು ಸುಲಭ, ಬಿಡಿಸುವುದೇ ದುಬಾರಿ. ಬಿಡಿಸಲು ಬೇಕಾದ ಉಗಿಗೂ ಇಂಧನ ಬೇಕು. ಹೊಗೆಯಲ್ಲಿರುವ ಗಂಧಕದ ಆಕ್ಸೈಡುಗಳು ಅಮೀನನ್ನು ಕೆಡಿಸುತ್ತವೆ. ಹಿಡಿದ ವಾಯುವನ್ನು ಸರಕಾಗಿಸಬೇಕು, ಇಲ್ಲವೇ ಭೂಮಿಯ ಆಳದ ಶಿಲೆಗಳಲ್ಲಿ ಭದ್ರಪಡಿಸಬೇಕು. ಆದುದರಿಂದ ಸಿಮೆಂಟಿನಂತಹ, ಈ ವಾಯು ಹುಟ್ಟುವುದನ್ನು ತಪ್ಪಿಸಲು ಕಷ್ಟವಾದ ಉದ್ಯಮಗಳಿಗೆ ಈ ವಿದ್ಯೆ ಹೆಚ್ಚು ಸಲ್ಲುತ್ತದೆ. ಉಳಿದೆಡೆ ಹೊಗೆಯನ್ನು ಹುಟ್ಟಿಸಿ ತೊಳೆಯುವುದಕ್ಕಿಂತ ಹುಟ್ಟಿಸದಿರುವುದೇ ಮೇಲು.

ಆ ಬಾಲಕನ ಪ್ರಶ್ನೆಗೆ ಅರ್ಧ ಉತ್ತರವನ್ನು ನಾವು ಕೊಟ್ಟಿದ್ದೇವೆ. ಕಡಿಮೆ ಶಾಖಕ್ಕೆ ವಾಯುವನ್ನು ಬಿಟ್ಟುಕೊಡುವ ದ್ರಾವಕವನ್ನು ಕಂಡುಹಿಡಿಯುವ ಉಳಿದರ್ಧವು, ಇಂದು ಸುಣ್ಣದ ತಿಳಿನೀರಿನಲ್ಲಿ ಊದುತ್ತಿರುವವರ ಪಾಲಿಗಿದೆ.