ಅನ್ನ ಬಿಟ್ಟರೆ ಗೌಟ್ ಬಿಟ್ಟೀತೇ?

ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಗೆ ಊದಿ, ಹೊದಿಕೆ ತಾಗಿದರೂ ಸಹಿಸಲಾಗದ ನೋವು ಬಂದರೆ ಅದು ಗೌಟ್ ಇರಬಹುದು. ರಕ್ತದಲ್ಲಿ ಹೆಚ್ಚಾದ ಯೂರಿಕ್ ಆಮ್ಲ ಕೀಲಿನಲ್ಲಿ ಹರಳುಗಟ್ಟುವುದೇ ಇದಕ್ಕೆ ಕಾರಣ.

ಊಟ ಮಿತಗೊಳಿಸಿ, ಪಿಷ್ಟವನ್ನು ಶೇ. 40ಕ್ಕೆ ಇಳಿಸಿದರೆ ಗುಣವುಂಟೆಂದು ಒಂದು ಚಿಕ್ಕ ಪ್ರಯೋಗ ತೋರಿಸಿದೆ. ದಕ್ಷಿಣ ಆಫ್ರಿಕದ 13 ಮಂದಿ ರೋಗಿಗಳಲ್ಲಿ ತಿಂಗಳಿಗೆ ಸರಾಸರಿ 2.1 ಸಲ ಬರುತ್ತಿದ್ದ ನೋವು 16 ವಾರಗಳಲ್ಲಿ 0.6ಕ್ಕೆ ಇಳಿಯಿತೆಂದು 2000ರಲ್ಲಿ ಪ್ರಕಟವಾಯಿತು.

ಆದರೆ ಅನ್ನ, ರೊಟ್ಟಿಯನ್ನು ಒಮ್ಮೆಗೇ ತೀರ ಬಿಟ್ಟರೆ ದೇಹದಲ್ಲಿ ಕೀಟೋನು ಹೆಚ್ಚಿ, ಮೂತ್ರಪಿಂಡ ಯೂರಿಕ್ ಆಮ್ಲ ಹೊರಹಾಕುವುದು ಕುಗ್ಗುತ್ತದೆ. ಮೊದಲ ಕೆಲವು ವಾರ ನೋವು ಕೆರಳಬಹುದು. ಕೊಯ್ಲಿನ ನಡುವೆ ಹಾಸಿಗೆ ಹಿಡಿದರೆ ತೋಟದ ಗತಿಯೇನು? ಆದ್ದರಿಂದ ನಾವು ಬೆಳೆಗಾರರು ಮೊದಲು ಸಕ್ಕರೆ, ಮದ್ಯ ಕಡಿಮೆ ಮಾಡೋಣ. ವೈದ್ಯರು ಕೊಟ್ಟ ಗುಳಿಗೆಯನ್ನು ನಾವಾಗಿ ನಿಲ್ಲಿಸುವುದು ಬೇಡ. ಸಕ್ಕರೆಯಿಲ್ಲದ ಕಾಫಿಗೆ ಅಡ್ಡಿಯಿಲ್ಲ.