ಅಂಗಳದ ನಾಯಿ, ಹಿತ್ತಲ ಕೋಳಿ: ನಂಬಿದ್ದೆಷ್ಟು, ನಿಜವೆಷ್ಟು?

ವಿಜಯಪುರದಿಂದ ತಿಕೋಟಾ ಕಡೆಗೋ ಬಬಲೇಶ್ವರದ ಕಡೆಗೋ ಹೊರಟರೆ ದಾರಿಯುದ್ದಕ್ಕೂ ತೋಟದ ಮನೆಗಳು. ದ್ರಾಕ್ಷಿ ಪಡದ ಅಂಚಿಗೆ ತಗಡಿನ ಶೆಡ್ಡು, ಬೇವಿನ ಮರದ ನೆರಳಿಗೆ ಎರಡು ಎಮ್ಮೆ, ತಿಪ್ಪೆ ಕೆದರುವ ಹತ್ತು-ಹನ್ನೆರಡು ಜವಾರಿ ಕೋಳಿ, ಬಾಗಿಲ ಬಳಿ ಒಂದು ನಾಯಿ. ಕೋಳಿ ಎಂದರೆ ಮನೆಯ ಹೆಣ್ಣುಮಕ್ಕಳ ಕೈಗಂಟು. ತತ್ತಿ ಮಾರಿದ ದುಡ್ಡು ಸಂತೆಗೂ ಆಗುತ್ತದೆ, ಮಕ್ಕಳ ನೋಟ್‌ಬುಕ್ಕಿಗೂ ಆಗುತ್ತದೆ. ನಾಯಿ ಎಂದರೆ ರಾತ್ರಿಯ ಧೈರ್ಯ. ಈ ಮನೆಗೆ ಎರಡೂ ಬೇಕು. ಆದರೆ ಒಂದು ಬೆಳಿಗ್ಗೆ ಅಂಗಳದ ತುಂಬ ಪುಕ್ಕ ಹರಡಿರುತ್ತದೆ. ಆಮೇಲೆ ನಾಯಿಗೆ ಬಡಿಗೆ ಏಟು, ಇಲ್ಲವೇ ಅದನ್ನು ದೂರದ ಊರಿನ ರಸ್ತೆಯಲ್ಲಿ ಬಿಟ್ಟುಬರುವ ಮಾತು.

ಈ ನಷ್ಟದ ಬಹುಪಾಲನ್ನು ತಡೆಯಬಹುದು. ತಡೆಯಲು ಅಡ್ಡ ಬರುವುದು ನಾವು ಹಿಂದಿನಿಂದ ಕೇಳಿ ನಂಬಿಕೊಂಡು ಬಂದ ಕೆಲವು ಮಾತುಗಳು. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: “ಹೊಟ್ಟಿ ತುಂಬಿದ ನಾಯಿ ಕೋಳಿ ಮುಟ್ಟಂಗಿಲ್ಲ.”

ಸತ್ಯ: ನಾಯಿ ಕೋಳಿಯ ಬೆನ್ನು ಹತ್ತುವುದಕ್ಕೂ ಅದರ ಹಸಿವಿಗೂ ಹೆಚ್ಚು ಸಂಬಂಧವಿಲ್ಲ. ಗುರಿ ಹಿಡಿದು ನೋಡುವುದು, ಹೊಂಚುವುದು, ಬೆನ್ನಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು, ತಿನ್ನುವುದು – ಬೇಟೆಯ ಈ ಮೆಟ್ಟಿಲುಗಳು ತೋಳನ ಕಾಲದಿಂದ ನಾಯಿಯ ರಕ್ತದಲ್ಲಿವೆ. ಓಡುವ, ರೆಕ್ಕೆ ಬಡಿಯುವ, ಕಿರಿಚುವ ಪ್ರಾಣಿ ಕಂಡೊಡನೆ ಮೊದಲ ಮೆಟ್ಟಿಲುಗಳು ತಾವಾಗಿಯೇ ಏರುತ್ತವೆ. ಬೆನ್ನಟ್ಟುವುದರಲ್ಲೇ ನಾಯಿಗೆ ಸುಖವಿದೆ. ತಿನ್ನುವುದು ಬೇರೆ ಮಾತು. ಅದಕ್ಕೇ ಎರಡು ರೊಟ್ಟಿ ತಿಂದು ಮಲಗಿದ್ದ ನಾಯಿಯೂ ಎದ್ದು ಹೋಗಿ ಎಂಟು ಕೋಳಿ ಕೊಂದು ಒಂದನ್ನೂ ತಿನ್ನದೆ ಬಿಟ್ಟಿರುತ್ತದೆ. ಗೂಡಿನೊಳಗೆ ನುಗ್ಗಿದರಂತೂ ಕೋಳಿಗಳಿಗೆ ಓಡಲು ದಾರಿಯಿಲ್ಲ. ಒಂದರ ಒದ್ದಾಟ ನಿಲ್ಲುವಷ್ಟರಲ್ಲಿ ಇನ್ನೊಂದು ರೆಕ್ಕೆ ಬಡಿಯುತ್ತದೆ, ನಾಯಿ ಅತ್ತ ತಿರುಗುತ್ತದೆ.

ತಪ್ಪು ಕಲ್ಪನೆ 2: “ಹಸಿ ತತ್ತಿ ತಿನಿಸಿದ್ರ, ರಕ್ತದ ರುಚಿ ಹತ್ತಿದ್ರ ನಾಯಿ ಕೆಡತೈತಿ.”

ಸತ್ಯ: ತತ್ತಿ ತಿಂದ ನಾಯಿಗೆ ತತ್ತಿ ಬೇಕೆನಿಸಬಹುದು. ಅದರಿಂದ ಅದು ಕೋಳಿ ಕೊಲ್ಲುವುದನ್ನು ಕಲಿಯುವುದಿಲ್ಲ. ಒಮ್ಮೆ ಕೊಂದ ನಾಯಿ ಮತ್ತೆ ಕೊಲ್ಲುವ ಸಂಭವ ಹೆಚ್ಚು ಎಂಬುದು ಮಾತ್ರ ನಿಜ. ಅಲ್ಲಿ ಕೆಲಸ ಮಾಡುವುದು ರುಚಿಗಿಂತ ಹೆಚ್ಚಾಗಿ ರೂಢಿ: ಓಡಿಸಿದೆ, ಹಿಡಿದೆ, ಖುಷಿಯಾಯಿತು ಎಂಬುದನ್ನು ನಾಯಿ ಕಲಿತಿರುತ್ತದೆ. ಆದ್ದರಿಂದ ಮೊದಲ ಬೇಟೆ ನಡೆಯದಂತೆ ನೋಡಿಕೊಳ್ಳುವುದೇ ಜಾಣತನ. “ಬರೇ ಆಟ ಆಡ್ತೈತಿ” ಎಂದು ನಗುತ್ತ ನೋಡುವ ಆ ಓಡಾಟವೇ ಬೇಟೆಯ ಮೊದಲ ಪಾಠ.

ತಪ್ಪು ಕಲ್ಪನೆ 3: “ಸತ್ತ ಕೋಳಿ ಕೊರಳಿಗೆ ಕಟ್ಟಿ ನಾಲ್ಕು ಬಿಗದ್ರ ಬುದ್ಧಿ ಬರತೈತಿ.”

ಸತ್ಯ: ಬರುವುದಿಲ್ಲ. ತಾನು ಮಾಡಿದ್ದಕ್ಕೂ ತನಗೆ ಸಿಕ್ಕಿದ್ದಕ್ಕೂ ನಾಯಿ ನಂಟು ಕಟ್ಟುವುದು ಒಂದೆರಡು ಸೆಕೆಂಡಿನ ಅಂತರದಲ್ಲಿ. ಮುಂಜಾನೆ ಕೊಂದದ್ದಕ್ಕೆ ನೀವು ಎದ್ದ ಮೇಲೆ ಹೊಡೆದರೆ, ನೀವು ಹತ್ತಿರ ಬಂದರೆ ಏಟು ಬೀಳುತ್ತದೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಬಾಲ ಮುದುಡಿ ಕಿವಿ ಇಳಿಸಿದ್ದನ್ನು ನಾವು ಪಶ್ಚಾತ್ತಾಪ ಎನ್ನುತ್ತೇವೆ. ಅದು ನಮ್ಮ ಸಿಟ್ಟಿಗೆ ಹೆದರಿದ ಮುಖ. ಹೆದರಿದ ನಾಯಿ ಮುಂದೆ ನೀವಿಲ್ಲದಾಗ ಕೋಳಿ ಹಿಡಿಯುತ್ತದೆ, ಇಲ್ಲವೇ ಹತ್ತಿರ ಬಂದ ಮಗುವನ್ನು ಕಚ್ಚುತ್ತದೆ. ಕೊರಳಲ್ಲಿ ಕೊಳೆತ ಕೋಳಿಯಿಂದ ಬರುವುದು ನೊಣ, ಹುಳ, ಹೊಟ್ಟೆಬೇನೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೇ ಕಲಮಿನ ಪ್ರಕಾರ ಪ್ರಾಣಿಯನ್ನು ನೋಯುವಂತೆ ಹೊಡೆಯುವುದು ಅಪರಾಧವೂ ಹೌದು.

ತಪ್ಪು ಕಲ್ಪನೆ 4: “ಮನ್ಯಾಗ ಮುಧೋಳ ನಾಯಿ ಇದ್ರ ಕೋಳಿಗೆ ಬ್ಯಾರೆ ಕಾವಲ ಯಾಕ?”

ಸತ್ಯ: ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ ನಮ್ಮ ಭಾಗದ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಚೀಟಿ ತಂದಿತು. 2016ರಲ್ಲಿ ಮರಿಗಳು ತರಬೇತಿಗೆಂದು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಆದರೆ ಇದು ಕಣ್ಣಿನಿಂದ ಬೇಟೆಯಾಡುವ ತಳಿ. ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇದಿಕೊಂಡ ಹೊಟ್ಟೆ, ಉದ್ದ ಕಾಲು – ಎಲ್ಲವೂ ಬಯಲಿನಲ್ಲಿ ಮೊಲ ಓಡಿಸಲೆಂದೇ ತಲೆತಲಾಂತರದಿಂದ ಆಯ್ದು ಬೆಳೆಸಿದ ಗುಣಗಳು. ಅಪರಿಚಿತರು ಬಂದರೆ ಅದು ಎಚ್ಚರಿಸೀತು. ಕೋಳಿ ಓಡಿದರೆ ಮಾತ್ರ ಅದರ ಕಣ್ಣಿಗೆ ಅದು ಓಡುವ ಬೇಟೆಯೇ.

ಮಂದೆ ಕಾಯುವ ನಾಯಿಗಳೇ ಬೇರೆ. ಆಸ್ಟ್ರೇಲಿಯಾದ ವಾರ್ನಂಬೂಲ್ ಬಳಿಯ ಮಿಡಲ್ ಐಲೆಂಡ್ ನಡುಗಡ್ಡೆಯಲ್ಲಿ ನರಿಗಳ ಕಾಟದಿಂದ ಪುಟ್ಟ ಪೆಂಗ್ವಿನ್‌ಗಳು ಹತ್ತಕ್ಕೂ ಕಡಿಮೆ ಉಳಿದಿದ್ದಾಗ, 2006ರಲ್ಲಿ ಕೋಳಿ ಸಾಕುವ ರೈತರೊಬ್ಬರ ಸಲಹೆಯಂತೆ ಇಟಲಿ ಮೂಲದ ಮರೆಮ್ಮಾ ನಾಯಿಗಳನ್ನು ಕಾವಲಿಗೆ ಬಿಟ್ಟರು. ಪೆಂಗ್ವಿನ್‌ಗಳು ಮತ್ತೆ ಹೆಚ್ಚಿದವು. ಆ ತಳಿಯಲ್ಲಿ ಬೆನ್ನಟ್ಟುವ ಗುಣವನ್ನು ಶತಮಾನಗಳಿಂದ ಕುಗ್ಗಿಸಿದ್ದಾರೆ. ಮುಧೋಳದಲ್ಲಿ ಅದೇ ಗುಣವನ್ನು ಹೆಚ್ಚಿಸಿದ್ದಾರೆ. ಒಂದರ ಕೆಲಸವನ್ನು ಇನ್ನೊಂದರಿಂದ ಬಯಸುವುದು ನಾಯಿಗೂ ಅನ್ಯಾಯ, ಕೋಳಿಗೂ ಅನ್ಯಾಯ.

ತಪ್ಪು ಕಲ್ಪನೆ 5: “ಮರಿ ಇದ್ದಾಗಿಂದ ಕೋಳಿ ಜೋಡಿ ಬೆಳದೈತಿ, ಏನೂ ಮಾಡಂಗಿಲ್ಲ.”

ಸತ್ಯ: ಮೂರನೇ ವಾರದಿಂದ ಹನ್ನೆರಡು-ಹದಿನಾಲ್ಕನೇ ವಾರದವರೆಗೆ ಮರಿ ಏನನ್ನು ಕಂಡು ಬೆಳೆಯುತ್ತದೋ ಅದಕ್ಕೆ ಹೊಂದಿಕೊಳ್ಳುತ್ತದೆ. ಆದ್ದರಿಂದ ಜೊತೆಗೆ ಬೆಳೆದರೆ ಅನುಕೂಲ ಖಂಡಿತ ಇದೆ. ಆದರೆ ಆರು ತಿಂಗಳಿಂದ ಎರಡು ವರ್ಷದವರೆಗಿನ ಹರೆಯದ ನಾಯಿ ಆಟಕ್ಕೆಂದೇ ಕೋಳಿಯನ್ನು ಹಿಡಿದು ಅಲುಗಾಡಿಸೀತು. ನಾಯಿಗೆ ಆಟವಾದದ್ದು ಕೋಳಿಗೆ ಸಾವು. ಇನ್ನೊಂದು ಮಾತು: ಓಣಿಯ ನಾಲ್ಕು ನಾಯಿಗಳು ನಿಮ್ಮ ಹಿತ್ತಲಿಗೆ ನುಗ್ಗಿದ ದಿನ ನಿಮ್ಮ ಸಾಧು ನಾಯಿಯೂ ಗುಂಪಿನ ಹುರುಪಿಗೆ ಸೇರಿಕೊಳ್ಳಬಹುದು. ಎಷ್ಟೇ ಒಳ್ಳೆಯ ನಾಯಿಯಾದರೂ ಮನೆಯವರ ಕಣ್ಣಿಲ್ಲದಾಗ ಅದನ್ನೂ ಕೋಳಿಗಳನ್ನೂ ಒಂದೇ ಕಡೆ ಬಿಡಬಾರದು.

ತಪ್ಪು ಕಲ್ಪನೆ 6: “ಕೋಳಿ ಹಾರಿ ಪಾರಾಗತೈತಿ.”

ಸತ್ಯ: ಹಗುರ ಮೈಯ ಜವಾರಿ ಕೋಳಿ ಬೇವಿನ ಕೊಂಬೆ ಏರೀತು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ ಬೇಗ ಬೆಳೆದು ಭಾರವಾಗುತ್ತದೆ. ಅದಕ್ಕೆ ಆ ಚುರುಕಿಲ್ಲ. ಅದಕ್ಕಿಂತ ಹಗುರವಾದ ಸ್ವರ್ಣಧಾರಾ ತಪ್ಪಿಸಿಕೊಳ್ಳುವುದರಲ್ಲಿ ಸ್ವಲ್ಪ ಮೇಲು. ಕಾವಿಗೆ ಕುಳಿತ ಹೇಂಟೆ 21 ದಿನ ತತ್ತಿ ಬಿಟ್ಟು ಹೆಚ್ಚು ಕದಲುವುದಿಲ್ಲ, ಮರಿಗಳಿಗೆ ಹಾರಲು ಬರುವುದಿಲ್ಲ. ಯಾವ ತಳಿಯಾದರೂ ಸಂಜೆ ಕತ್ತಲಾದ ಮೇಲೆ ಕಣ್ಣು ಕಾಣದೆ ಕುಳಿತಲ್ಲೇ ಕುಳಿತಿರುತ್ತದೆ. ಸೂರ್ಯ ಮುಳುಗುವ ಮುನ್ನ ಗೂಡಿಗೆ ಸೇರಿಸಿ ಚಿಲಕ ಹಾಕುವುದು ಎಲ್ಲ ತಳಿಗೂ ಒಂದೇ ನಿಯಮ.

ತಪ್ಪು ಕಲ್ಪನೆ 7: “ಸುತ್ತಲೂ ಕೋಳಿ ಜಾಳಗಿ ಹೊಡದೀವಿ, ಸಾಕು.”

ಸತ್ಯ: ಆರು ಮೂಲೆಯ ಕಣ್ಣಿರುವ ತೆಳು ತಂತಿಯ ಜಾಳಿಗೆ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ನಾಯಿ ಅದನ್ನು ಹಲ್ಲಿನಿಂದ ಹರಿಯುತ್ತದೆ, ಮೈಭಾರದಿಂದ ಬಗ್ಗಿಸುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಬುಡದಲ್ಲಿ ಕೆದರಿ ನುಸುಳುತ್ತದೆ. ಬೇಕಾದದ್ದು ಗಟ್ಟಿ ತಂತಿಯ ವೆಲ್ಡ್ ಮೆಶ್, ಆರು ಅಡಿ ಎತ್ತರ, ಮೇಲೂ ಬಲೆ.

ನಮ್ಮ ಎರೆಮಣ್ಣಿನ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಸಿಗೆಯಲ್ಲಿ ಅದು ಬಿರುಕು ಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಹುಗಿದ ಕಂಬ ಒಂದು ವರ್ಷದಲ್ಲಿ ಅಲುಗಾಡುತ್ತದೆ, ಜಾಳಿಗೆಯ ಬುಡದಲ್ಲಿ ಸಂದು ಬೀಳುತ್ತದೆ. ಕಂಬಕ್ಕೆ ಕಾಂಕ್ರೀಟ್ ಹಾಕಿ, ಜಾಳಿಗೆಯನ್ನು ಒಂದು ಅಡಿ ನೆಲದೊಳಗೆ ಇಳಿಸಿ. ಅದಾಗದಿದ್ದರೆ ಬುಡದಿಂದ ಹೊರಕ್ಕೆ ಎರಡು ಅಡಿ ಜಾಳಿಗೆ ಹಾಸಿ, ಮೇಲೆ ಒಡೆದ ಫರಸಿ ಕಲ್ಲು ಹೇರಿ. ದ್ರಾಕ್ಷಿ ಪಡ ಕಿತ್ತಾಗ ಉಳಿದ ಕಂಬ, ತಂತಿಗಳೂ ಇದಕ್ಕೆ ಒದಗುತ್ತವೆ.

ನಾಯಿಗೆ ಹೆದರಿ ದಿನವಿಡೀ ಕೋಳಿಗಳನ್ನು ಬುಟ್ಟಿ ಕವುಚಿ ಇಡುವುದೂ, ತಗಡಿನ ಶೆಡ್ಡಿನಲ್ಲಿ ಕೂಡುವುದೂ ಪರಿಹಾರವಲ್ಲ. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಗಾಳಿಯಿಲ್ಲದ ಕಡೆ ಅವು ನಾಯಿಯಿಲ್ಲದೆಯೂ ಸಾಯುತ್ತವೆ. ಬೇಲಿಯೊಳಗೆ ಒಂದು ಮರದ ನೆರಳು ಬರುವಂತೆ ಜಾಗ ಆರಿಸಿ.

ತಪ್ಪು ಕಲ್ಪನೆ 8: “ನಾಯೀನ ಶೆಡ್ಡಿನ್ಯಾಗ ಕಟ್ಟಿ ಹಾಕಿದ್ರ ಚಿಂತಿ ಇಲ್ಲ.”

ಸತ್ಯ: ಕೋಳಿ ಕಣ್ಣೆದುರೇ ಮೇಯುತ್ತಿರುವಾಗ ದಿನವಿಡೀ ಸರಪಳಿಯಲ್ಲಿ ಜಗ್ಗುವ ನಾಯಿಯ ಆಸೆ ತಣಿಯುವುದಿಲ್ಲ, ಬೆಳೆಯುತ್ತದೆ. ಕೊಂಡಿ ಬಿಚ್ಚಿದ ಗಳಿಗೆ ಅದು ಬಾಣದಂತೆ ಹೊರಡುತ್ತದೆ. ಸದಾ ಕಟ್ಟಿಹಾಕಿದ ನಾಯಿಯನ್ನು ತಿರುಗಾಡಿಸದಿರುವುದೂ ಅದೇ 1960ರ ಕಾಯ್ದೆಯಲ್ಲಿ ತಪ್ಪು.

ತಿಕೋಟಾ ಭಾಗದವರಿಗೆ ಇನ್ನೊಂದು ಎಚ್ಚರಿಕೆ. ಕೋಳಿಯಿಂದ ದೂರ ಇರಲೆಂದು ನಾಯಿಯನ್ನು ಒಣದ್ರಾಕ್ಷಿ ಶೆಡ್ಡಿನಲ್ಲಿ ಕಟ್ಟಬೇಡಿ. ದ್ರಾಕ್ಷಿಯೂ ಒಣದ್ರಾಕ್ಷಿಯೂ ನಾಯಿಗೆ ವಿಷ. ಅದರಲ್ಲಿನ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣವಿರಬೇಕೆಂದು ಪಶುವೈದ್ಯರು ಭಾವಿಸುತ್ತಾರೆ. ಎಷ್ಟು ತಿಂದರೆ ಅಪಾಯ ಎಂಬುದು ನಾಯಿಯಿಂದ ನಾಯಿಗೆ ಬೇರೆ. ಮೊದಲು ವಾಂತಿ, ಮಂಕು. ಒಂದರಿಂದ ಮೂರು ದಿನದಲ್ಲಿ ಮೂತ್ರಪಿಂಡವೇ ಕೈಕೊಡಬಹುದು. ತಿಂದದ್ದು ಗೊತ್ತಾದ ಕೂಡಲೇ, ವಾಂತಿಗೆ ಕಾಯದೆ, ಪಶುವೈದ್ಯರ ಬಳಿ ಒಯ್ಯಿರಿ.

ತಪ್ಪು ಕಲ್ಪನೆ 9: “ಕೋಳಿ ಸತ್ತಾವಂದ್ರ ನಾಯೀದ ಕೆಲಸ.”

ಸತ್ಯ: ಏಟು ಕೊಡುವ ಮುನ್ನ ಗುರುತು ನೋಡಿ. ಪುಕ್ಕ ಎಲ್ಲೆಡೆ ಚೆಲ್ಲಿ, ಬೆನ್ನು-ಹಿಂಭಾಗ ಹರಿದು, ಹಲವು ಕೋಳಿ ತಿನ್ನದೆ ಬಿದ್ದಿದ್ದರೆ ನಾಯಿ ಇರಬಹುದು. ಕುತ್ತಿಗೆ-ತಲೆಗೆ ಮಾತ್ರ ಗಾಯವಿದ್ದರೆ ಮುಂಗುಸಿಯ ಮೇಲೆ ಅನುಮಾನಪಡಿ. ಮರಿಗಳು ಗುರುತಿಲ್ಲದೆ ಮಾಯವಾದರೆ ಬೆಕ್ಕು, ಹದ್ದು, ಹಾವು. ಗಾಯವೇ ಇಲ್ಲದೆ, ಹಸಿರು ಬೇಧಿಯಾಗಿ, ಕುತ್ತಿಗೆ ತಿರುಚಿ ಸಾಯುತ್ತಿದ್ದರೆ ಅದು ಬಹುತೇಕ ರಾಣಿಖೇತ್ ರೋಗ. ಮೊದಲ ವಾರದಲ್ಲಿ ಕಣ್ಣು-ಮೂಗಿಗೆ ಲಸೋಟಾ ಹನಿ, ಆರರಿಂದ ಎಂಟನೇ ವಾರದಲ್ಲಿ ಆರ್-2-ಬಿ ಚುಚ್ಚುಮದ್ದು – ಇದು ಅದಕ್ಕಿರುವ ತಡೆ. ರೋಗದಿಂದ ಸತ್ತ ಕೋಳಿಯನ್ನು ತಿಪ್ಪೆಗೆ ಎಸೆದರೆ ನಾಯಿ ಅದನ್ನು ಎಳೆದೊಯ್ದು ಪಕ್ಕದ ಮನೆಯ ಕೋಳಿಗೂ ರೋಗ ಮುಟ್ಟಿಸುತ್ತದೆ. ಆಳವಾಗಿ ಹುಗಿದು ಸುಣ್ಣ ಹಾಕಿ.

ತಪ್ಪು ಕಲ್ಪನೆ 10: “ಹಲ್ಲ ತಾಗೇತಿ ಅಷ್ಟ, ಅರಿಷಿಣ ಹಚ್ಚಿದ್ರ ಆತು.”

ಸತ್ಯ: ಪುಕ್ಕದ ಮೇಲೆ ಚಿಕ್ಕ ತೂತು ಕಂಡರೂ ಒಳಗೆ ಚರ್ಮ ಮಾಂಸದಿಂದ ಕಿತ್ತುಬಂದಿರಬಹುದು. ನಾಯಿಯ ಬಾಯಿಯ ಸೂಕ್ಷ್ಮಜೀವಿಗಳು ಒಳಗೇ ಕೀವು ಮಾಡುತ್ತವೆ. ಕೋಳಿಯನ್ನು ಕತ್ತಲಾದ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೇರೆ ಇಡಿ. ರಕ್ತ ಕಂಡರೆ ಉಳಿದ ಕೋಳಿಗಳೇ ಕುಕ್ಕುತ್ತವೆ. ಕಾಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ನೊಣ ಕೂರದಂತೆ ನೋಡಿಕೊಂಡು ಪಶು ಆಸ್ಪತ್ರೆಗೆ ತೋರಿಸಿ. ಸಂಚಾರಿ ಪಶು ಚಿಕಿತ್ಸೆಗೆ 1962ಕ್ಕೆ ಕರೆ ಮಾಡಬಹುದು.

ರೇಬೀಸ್ ಸಸ್ತನಿಗಳ ರೋಗ. ಕಚ್ಚಿಸಿಕೊಂಡ ಕೋಳಿಗೆ ಹುಚ್ಚು ಹಿಡಿಯುತ್ತದೆಂದು ಹೆದರಬೇಕಿಲ್ಲ. ಹೆದರಬೇಕಾದದ್ದು ಕೋಳಿ ಬಿಡಿಸಲು ಹೋಗಿ ನಿಮ್ಮ ಕೈಗೆ ಹಲ್ಲು ತಾಗಿದರೆ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಮನೆ ನಾಯಿಗೆ ಮೂರು ತಿಂಗಳ ವಯಸ್ಸಿನಿಂದ ಲಸಿಕೆ ಹಾಕಿಸಿ, ಪ್ರತಿ ವರ್ಷ ಮುಂದುವರಿಸಿ.

ಹಾಗಾದರೆ ಕಲಿಸುವುದು ಹೇಗೆ?

ಬೇಲಿ ಮೊದಲು, ಪಾಠ ಆಮೇಲೆ. ಮುಂಜಾನೆ ನಾಯಿಯನ್ನು ಚೆನ್ನಾಗಿ ಓಡಾಡಿಸಿ ದಣಿಸಿ. ಹಗ್ಗ ಹಾಕಿ, ಕೋಳಿ ಕಂಡರೂ ಅದು ಸುಮ್ಮನಿರಬಲ್ಲಷ್ಟು ದೂರದಲ್ಲಿ ನಿಲ್ಲಿಸಿ. ಕೋಳಿ ಬಿಟ್ಟು ನಿಮ್ಮತ್ತ ನೋಡಿದ ಆ ಕ್ಷಣವೇ ರೊಟ್ಟಿ ತುಣುಕು ಕೊಡಿ. “ಬಿಡು” ಎಂಬ ಒಂದೇ ಮಾತನ್ನು ಮನೆಯವರೆಲ್ಲ ಬಳಸಿ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಸಾಕು. ಕೆಲವು ದಿನಕ್ಕೊಮ್ಮೆ ಎರಡು ಹೆಜ್ಜೆ ಹತ್ತಿರ ಹೋಗಿ. ನಾಯಿ ಮೈ ಬಿಗಿದು, ಕಣ್ಣು ನೆಟ್ಟು ನಿಂತರೆ ಹಿಂದೆ ಸರಿಯಿರಿ. ಇದು ವಾರಗಳ ಕೆಲಸ, ಕೆಲವು ನಾಯಿಗಳಿಗೆ ತಿಂಗಳುಗಳ ಕೆಲಸ. ಮುಧೋಳದಂಥ ಬೇಟೆ ತಳಿಗಳಲ್ಲಿ ಕೆಲವು ಎಂದೂ ಪೂರ್ತಿ ಕಲಿಯುವುದಿಲ್ಲ. ಅವಕ್ಕೆ ಬೇಲಿಯೊಂದೇ ಗತಿ.

ಕೋಳಿ ಕೊಂದಿತೆಂದು ನಾಯಿಯನ್ನು ರಸ್ತೆಗೆ ಬಿಟ್ಟುಬಂದರೆ ಅದು ಇನ್ನೊಬ್ಬರ ಹಿತ್ತಲಿಗೆ ಹೋಗುತ್ತದೆ, ಅಷ್ಟೇ. ಅದರ ಬದಲು ಈ ಸಂಜೆ ಟಾರ್ಚ್ ಹಿಡಿದು ನಿಮ್ಮ ಕೋಳಿ ಗೂಡನ್ನು ಒಂದು ಸುತ್ತು ಹಾಕಿ ಬನ್ನಿ. ಬುಡದಲ್ಲಿ ಎಲ್ಲಿ ಅಂಗೈಯಗಲ ಸಂದು ಕಂಡರೂ ಅಲ್ಲಿ ಇವತ್ತೇ ಒಂದು ಕಲ್ಲು ಇಡಿ.